ಕಣಿವೆಯವಳ ಮುಖ

ಆ ಬೊಂಬೆಯ ಮೇಲೆ ಅವಳಿಗಿದ್ದ ಹೊಟ್ಟೆಕಿಚ್ಚು ಅಂತಿಂಥದ್ದಲ್ಲ. ಸವತಿಯ ಮೇಲೂ ಯಾರೂ ಅಷ್ಟು ಉರಿದುಕೊಂಡಿರಲಾರರು. ಸವತಿಯಾದರೆ ಎದುರು ನಿಂತು ಜಗಳ ಕಾಯಬಹುದು, ಜುಟ್ಟು ಹಿಡಿದು ಎಳೆಯಬಹುದು, ನಾಲ್ಕು ಜನರ ಮುಂದೆ ನೀರಿಳಿಸಬಹುದು. ಬೊಂಬೆಯನ್ನು ಏನು ಮಾಡುವುದು? ಹೋಗಲಿ, ಮುಖ ತಿರುಗಿಸಿಕೊಂಡು ಓಡಾಡೋಣವೆಂದರೆ ಅದೂ ಸಾಧ್ಯವಿಲ್ಲ. ಅದಕ್ಕೆ ಬಟ್ಟೆ ಹೊಲಿಯುವವಳು ಅವಳೇ, ಬಾಗಿಲು ಮುಚ್ಚಿದ ದಿನ ಅದರ ಮೂಗು ಕೆನ್ನೆಗಳ ಧೂಳು ಒರೆಸುವವಳೂ ಅವಳೇ. ಕರ್ಮ ನೋಡಿ!

ಅವಳು ಮ್ಯೂಸಿಯಂನ ಹೊಲಿಗೆಯವಳು. ದೇಶದಲ್ಲಿ ಎಂತೆಂಥ ಜನರಿದ್ದಾರೆ, ಯಾರು ಎಷ್ಟಿದ್ದಾರೆ ಎಂದು ತೋರಿಸಲು ಅಲ್ಲೊಂದು ಉದ್ದನೆಯ ಹಜಾರ. ಒಂದೊಂದು ಜನಕ್ಕೆ ಒಂದೊಂದು ಮರದ ಕಟ್ಟೆ, ಅದರ ಮೇಲೆ ಆಳೆತ್ತರದ ಪ್ಲಾಸ್ಟರ್ ಬೊಂಬೆಗಳು, ಕಾಲ ಬಳಿ ಹೆಸರಿನ ಹಲಗೆ. ಕಟ್ಟೆಯ ಅಗಲ ಬೇಕಾಬಿಟ್ಟಿಯಲ್ಲ, ಜನಸಂಖ್ಯೆಗೆ ತಕ್ಕಷ್ಟು. ಬಯಲಿನವರ ಕಟ್ಟೆಯ ಮೇಲೆ ಅಜ್ಜ ಅಜ್ಜಿ ಮೊಮ್ಮಕ್ಕಳ ಸಮೇತ ಇಡೀ ಸಂಸಾರ ನಿಂತಿತ್ತು, ಆಮೇಲೂ ಜಾಗ ಮಿಕ್ಕಿತ್ತು. ದಡದವರದು ಅದರ ಅರ್ಧ. ಗುಡ್ಡದವರಿಗೆ ಗಂಡ ಹೆಂಡತಿ ನಿಲ್ಲುವಷ್ಟು. ಹೀಗೆ ಸಣ್ಣದಾಗುತ್ತ ಆಗುತ್ತ ಕೊನೆಯಲ್ಲಿ, ಕಿಟಕಿಯ ಪಕ್ಕ, ಒಂದು ಕುರ್ಚಿ ಹಿಡಿಸುವಷ್ಟು ಕಟ್ಟೆಯ ಮೇಲೆ ಕಣಿವೆಯವರ ಒಂಟಿ ಹೆಂಗಸು.

ಪ್ರತಿ ಜನಗಣತಿ ಮುಗಿದ ಮೇಲೆ ಬಡಗಿ ಗರಗಸ ಹಿಡಿದು ಬರುತ್ತಿದ್ದ. ಯಾರಿಗೋ ಒಂದು ಗೇಣು ಸೇರಿಸುವುದು, ಯಾರದೋ ನಾಲ್ಕು ಬೆರಳಗಲ ಕೊಯ್ಯುವುದು. ಮಾರನೆಯ ದಿನದಿಂದ ಆಯಾ ಜನ ಬಂದು ತಂತಮ್ಮ ಕಟ್ಟೆಯನ್ನು ಗೇಣು ಹಾಕಿ ಅಳೆಯುತ್ತಿದ್ದರು. ತಮ್ಮದನ್ನು ಒಮ್ಮೆ ಅಳೆದರೆ ಪಕ್ಕದವರದನ್ನು ಎರಡು ಸಲ! "ಇವ್ರು ಹೇಗೆ ಇಷ್ಟಾದ್ರು? ಎಲ್ಲೋ ಮೋಸ ಇದೆ," ಎಂದು ಗೊಣಗುವವರು, "ನಮ್ಮೋರು ಊರಲ್ಲಿ ಇಲ್ಲದಾಗ ಎಣಿಸಿದ್ದಾರೆ," ಎಂದು ಕೂಗಾಡುವವರು. ಇಡೀ ದೇಶವೇ ಹೀಗೆ ಕಟ್ಟೆ ನೋಡಿ ಕರುಬುತ್ತಿದ್ದರೆ ನಮ್ಮ ಹೊಲಿಗೆಯವಳಿಗೆ ಅದರ ಗೊಡವೆಯೇ ಇರಲಿಲ್ಲ. ಅವಳು ಹುಟ್ಟಿದ್ದು ಕಣಿವೆಯವರಲ್ಲೇ. ಆದರೆ ಅವಳ ಉರಿಯೆಲ್ಲ ಆ ಕಟ್ಟೆಯ ಮೇಲೆ ನಿಂತ ಮುಖದ ಮೇಲೆ. ಯಾಕೆಂದರೆ ಅದು ಅವಳ ಸ್ವಂತ ಅಕ್ಕನ ಮುಖ, ಮಾಡಿದವನು ಅವಳ ಸ್ವಂತ ಗಂಡ.

ಗಂಡ ಮ್ಯೂಸಿಯಂನ ಬೊಂಬೆಯವನು. ಮುಖವನ್ನು ಮೊದಲು ಮಣ್ಣಿನಲ್ಲಿ ತಿದ್ದಿ ಆಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ಯುವವನು. ಮಾತು ಕಮ್ಮಿ, ಉಗುರಲ್ಲಿ ಸದಾ ಮಣ್ಣು. ಮದುವೆಗೆ ಮುಂಚೆ, ಹಜಾರ ಕಟ್ಟುವಾಗ, ಕಣಿವೆಯವರ ಒಂದು ಒಳ್ಳೆ ಮುಖ ಬೇಕೆಂದು ಊರೆಲ್ಲ ಅಲೆದು ಅಕ್ಕನನ್ನು ಹಿಡಿದಿದ್ದ. ಅಕ್ಕನಿಗೆ ಆಗಲೇ ಮದುವೆಯಾಗಿತ್ತು. ಮಣ್ಣಿನಲ್ಲಿ ಅವಳ ಮೂಗು ತಿದ್ದುತ್ತಿದ್ದವನಿಗೆ ಅವಳೇ ಹೇಳಿದಳಂತೆ, "ನನಗೊಬ್ಬಳು ತಂಗಿ ಇದ್ದಾಳೆ, ನೋಡ್ತೀಯೇನಪ್ಪ?" ಬಂದು ನೋಡಿದ, ಒಪ್ಪಿದ, ಮದುವೆಯಾಯಿತು. ಈ ಕಥೆಯನ್ನು ಅಕ್ಕ ನಗುನಗುತ್ತ ಎಲ್ಲರ ಮುಂದೆ ಹೇಳುವಾಗ ತಂಗಿಗೆ ಒಳಗೆ ಕೊತಕೊತ ಕುದಿಯುತ್ತಿತ್ತು. ಅಂಗಡಿಯವನು ಚಿಲ್ಲರೆ ಇಲ್ಲವೆಂದು ಕೈಗೆ ಚಾಕಲೇಟು ಕೊಟ್ಟು ಕಳಿಸುತ್ತಾನಲ್ಲ, ತಾನು ಆ ಚಾಕಲೇಟು. ಬೇಕಾಗಿದ್ದು ಅವಳು, ಸಿಕ್ಕಿದ್ದು ನಾನು.

ಅಕ್ಕನಾದರೂ ಸುಮ್ಮನಿದ್ದಳೇ? ಮನೆಗೆ ಯಾರೇ ನೆಂಟರು ಬರಲಿ, ಬಿಡುವಿನ ದಿನ ಎಲ್ಲರನ್ನೂ ಕಟ್ಟಿಕೊಂಡು ಮ್ಯೂಸಿಯಂಗೆ ಹಾಜರು. ಬೊಂಬೆಯ ಪಕ್ಕ ನಿಂತು, ಅದರ ಹಾಗೆಯೇ ಕತ್ತು ಓರೆ ಮಾಡಿ, "ಹೇಳಿ ನೋಡೋಣ, ಯಾರು ಯಾರು?" ಎನ್ನುವುದು. ಅವರೆಲ್ಲ ಅಬ್ಬಬ್ಬಾ ಅನ್ನುವುದು. ಆಮೇಲೆ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು, "ಇವಳು ನನ್ ತಂಗಿ, ಇಲ್ಲೇ ಕೆಲಸ," ಎನ್ನುವುದು. ಬಂದವರು ಇವಳ ಮುಖ ನೋಡಿ, ಒಂದು ಗಳಿಗೆ ತಡೆದು, "ಓ, ಹೌದಾ?" ಎನ್ನುವುದು. ಆ 'ಹೌದಾ' ಇದೆಯಲ್ಲ, ಅದು ಸೂಜಿಗಿಂತ ಚೂಪು.

"ನಿಮಗೆ ನನ್ನ ಮುಖ ಮಾಡ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?" ಎಂದು ಅವಳು ಗಂಡನನ್ನು ಒಂದು ಸಲ ಬಾಯಿ ಬಿಟ್ಟೇ ಕೇಳಿದ್ದಳು.

"ನಿನ್ನ ದಿನಾ ನೋಡ್ತೀನಲ್ಲ, ಮತ್ತೆ ಯಾಕೆ ಮಾಡ್ಲಿ?" ಎಂದಿದ್ದ ಪುಣ್ಯಾತ್ಮ.

ಹೀಗಿರುವಾಗ ಹೊಸ ಗಣತಿಯ ಲೆಕ್ಕ ಬಂತು. ಎಣಿಸುವವರು ಮನೆಗೆ ಬಂದಿದ್ದಾಗ ಅವಳ ಇಬ್ಬರು ಮಕ್ಕಳನ್ನೂ ಅಪ್ಪನ ಜನವಾದ ದಡದವರಿಗೆ ಸೇರಿಸಿಕೊಂಡು ಹೋಗಿದ್ದರು, ನಿಯಮವೇ ಹಾಗೆ. ಅಕ್ಕನ ಮಗಳು ಬಯಲಿನವನನ್ನು ಮದುವೆಯಾಗಿದ್ದಳು, ಅವಳ ಹೊಟ್ಟೆಯಲ್ಲಿದ್ದದ್ದೂ ಹುಟ್ಟಿದ ಕೂಡಲೇ ಬಯಲಿನವರ ಪಾಲು. ಕಣಿವೆಯವರ ಮನೆ ಮನೆಯಲ್ಲೂ ಇದೇ ಕತೆ. ಯಾರೂ ಸತ್ತಿರಲಿಲ್ಲ, ಯಾರೂ ದೇಶ ಬಿಟ್ಟಿರಲಿಲ್ಲ, ಆದರೂ ಜನ ಕರಗಿಹೋಗಿದ್ದರು. ಸಾವಿರಕ್ಕೆ ಒಬ್ಬರೂ ಇಲ್ಲದ ಜನಕ್ಕೆ ಇನ್ನು ಬೇರೆ ಕಟ್ಟೆಯಿಲ್ಲ, ಅಂಥವರಿಗೆಲ್ಲ ಸೇರಿ 'ಇತರರು' ಎಂಬ ಒಂದೇ ಕಟ್ಟೆ ಎಂದು ಮೇಲಿನಿಂದ ಆದೇಶ ಬಂತು.

ಮ್ಯೂಸಿಯಂನ ಮೇಡಂ ಒಳ್ಳೆಯ ಹೆಂಗಸು. ಆದೇಶವನ್ನು ಹಾಗೇ ಜಾರಿ ಮಾಡಲು ಅವರಿಗೆ ಮನಸ್ಸಿರಲಿಲ್ಲ. ಹೊಲಿಗೆಯವಳನ್ನು ಕರೆಸಿ ಎದುರು ಕೂರಿಸಿಕೊಂಡರು.

"ನೋಡಿ, ಇಲ್ಲಿ ಕೆಲಸ ಮಾಡೋ ಕಣಿವೆಯವರು ನೀವೊಬ್ರೇ. ಆ ಜನದವರು ಯಾರಾದ್ರೂ ಕಟ್ಟೆ ತೆಗೆಯೋದು ಬೇಡ ಅಂದ್ರೆ, ಅದನ್ನೇ ಮುಂದಿಟ್ಕೊಂಡು ನಾನು ಮೇಲಿನವರ ಹತ್ರ ವಾದ ಮಾಡ್ತೀನಿ. ಕಟ್ಟೆ ಉಳಿದ್ರೂ ಉಳೀಬಹುದು. ಏನಂತೀರಾ?"

ಹೊಲಿಗೆಯವಳ ಕಿವಿ ನೆಟ್ಟಗಾಯಿತು. "ಕಟ್ಟೆ ಹೋದ್ರೆ ಬೊಂಬೆ?"

"ಬೊಂಬೆ ಉಗ್ರಾಣಕ್ಕೆ. ಇತರರಿಗೆ ಹೊಸ ಬೊಂಬೆ ಮಾಡಿಸ್ತೀವಿ."

ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳುವುದು! ಹಾಲು ಕುಡಿದಷ್ಟು ಖುಷಿಯಾಯಿತು ಅವಳಿಗೆ. ಇಷ್ಟು ವರ್ಷ ಧೂಳು ಒರೆಸಿದ ಮುಖ ಉಗ್ರಾಣದ ಕತ್ತಲಲ್ಲಿ, ಮುರಿದ ಕುರ್ಚಿಗಳ ನಡುವೆ! ಕಣಿವೆಯವರೆಂದರೆ ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ. "ನಮ್ಮದೇನೂ ಅಡ್ಡಿಯಿಲ್ಲ ಮೇಡಂ, ತೆಗೀರಿ," ಎಂದಳು. ಮೇಡಂ ಅವಳನ್ನು ಸ್ವಲ್ಪ ಹೊತ್ತು ನೋಡಿ, "ಇನ್ನೊಂದ್ಸಲ ಯೋಚನೆ ಮಾಡಿ," ಎಂದರು. ಅವಳು ಯೋಚನೆ ಮಾಡುವವಳಂತೆ ಸೀರೆಯ ಸೆರಗು ಸರಿಪಡಿಸಿಕೊಂಡು, "ಮಾಡಿದೆ ಮೇಡಂ," ಎಂದಳು.

ಬೊಂಬೆಯ ಬಟ್ಟೆ ಬಿಚ್ಚುವ ಕೆಲಸ ಅವಳದೇ. ನಿಲುವಂಗಿ ತೆಗೆದಳು, ತಲೆವಸ್ತ್ರ ತೆಗೆದಳು, ಮಡಿಸಿ ಕಪಾಟಿನಲ್ಲಿಟ್ಟಳು. ಆಳುಗಳು ಬೊಂಬೆಯನ್ನು ಉಗ್ರಾಣಕ್ಕೆ ಸಾಗಿಸಿದರು. ಅವರು ಅತ್ತ ಹೋದ ಮೇಲೆ ಇವಳೊಬ್ಬಳೇ ಉಗ್ರಾಣದಲ್ಲಿ ನಿಂತು, "ಇನ್ನು ತೋರ್ಸು ನಿನ್ ಕತ್ತಿನ ಓರೆ," ಎಂದು ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಂದಳು. ಸಣ್ಣತನ ಅನ್ನಿ, ಏನಾದರೂ ಅನ್ನಿ, ಆವತ್ತು ಅವಳು ಹೊಟ್ಟೆ ತುಂಬ ಉಂಡಳು.

ಅದಾದ ವಾರದಲ್ಲಿ ಗಂಡ ಬಂದು, "ನಾಳೆಯಿಂದ ಸ್ವಲ್ಪ ನನ್ನ ಮುಂದೆ ಕೂತ್ಕೋತೀಯಾ? ಹೊಸ ಬೊಂಬೆಗೆ ನಿನ್ನ ಮುಖ ಬೇಕು," ಎಂದ.

ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಸ ಸೀರೆ ಉಟ್ಟಳು, ತಲೆ ಬಾಚಿದಳು, ಕೆಲಸದ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಳು. ಅವನು ಕಣ್ಣು ಕಿರಿದು ಮಾಡಿ ನೋಡುವುದು, ಮಣ್ಣು ಒತ್ತುವುದು, ಹತ್ತಿರ ಬಂದು ಬೆರಳಿನಿಂದ ಅವಳ ಗಲ್ಲದ ಅಳತೆ ತೆಗೆಯುವುದು. ಮದುವೆಯಾದಾಗಿನಿಂದ ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಮೂರನೆಯ ದಿನ ಅವಳು ತಡೆಯಲಾರದೆ ಕೇಳಿದಳು. "ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ಆರಿಸಿದ್ರಿ?"

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇದು ಯಾವ ಜನ ಅಂತ ನೋಡಿದೋರಿಗೆ ಗೊತ್ತಾಗ್ಬಾರ್ದು ಅಂತ ಮೇಡಂ ಹೇಳಿದ್ದಾರೆ. ಇತರರು ಅಂದ್ರೆ ಎಲ್ಲರ ಥರಾನೂ ಇರ್ಬೇಕು, ಯಾರ ಥರಾನೂ ಇರ್ಬಾರ್ದು. ಅಂಥ ಮುಖಕ್ಕೆ ಊರೆಲ್ಲ ಹುಡುಕಿದೆ. ಆಮೇಲೆ ಹೊಳೀತು, ಮನೇಲೇ ಇದೆಯಲ್ಲ ಅಂತ." ಹೇಳಿ ಖುಷಿಯಿಂದ ನಕ್ಕ.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ತಟ್ಟನೆ ಮುಖ ಆಚೆ ತಿರುಗಿಸಿದಳು. "ಅಲ್ಲಾಡ್ಬೇಡ," ಎಂದ ಅವನು. ಎದ್ದು ಹೋಗಬೇಕೆನಿಸಿತು, ಆ ಮಣ್ಣಿನ ಮೂತಿಗೆ ಒಂದು ಗುದ್ದು ಕೊಟ್ಟು ಚಪ್ಪಟೆ ಮಾಡಬೇಕೆನಿಸಿತು. ಆದರೆ ಏಳಲಿಲ್ಲ. ಹಲ್ಲು ಕಚ್ಚಿ ಕೂತಳು. ಹೇಗೋ ಇರಲಿ, ಹಜಾರದಲ್ಲಿ ನಿಲ್ಲುವವಳು ಈಗ ತಾನು, ಉಗ್ರಾಣದಲ್ಲಿರುವವಳು ಅಕ್ಕ. ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದ ಅಕ್ಕನಿಗೆ ಇದೊಂದೂ ತಿಳಿಯದು. ಬರಲಿ, ನೋಡಲಿ. ತನ್ನ ಜಾಗದಲ್ಲಿ ತಂಗಿಯನ್ನು ಕಂಡು ಆ ಮುಖ ಹುಳ್ಳಗಾಗುವುದನ್ನು ಒಂದು ಸಲ, ಒಂದೇ ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ಸಾಕು. ಮಿಕ್ಕ ಅವಮಾನವನ್ನೆಲ್ಲ ಅವಳು ನುಂಗಿಕೊಳ್ಳಲು ಸಿದ್ಧಳಾಗಿದ್ದಳು.

ಬೊಂಬೆ ನಿಂತಿತು. ಅದಕ್ಕೆ ಗುರುತಿಲ್ಲದಂಥ ಬೂದು ಬಣ್ಣದ ಅಂಗಿಯನ್ನು ಅವಳೇ ಹೊಲಿದಳು. ಜನ ಅದರ ಮುಂದೆ ನಡೆದು ಹೋಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಅವಳಿಗೆ ಅದರ ಚಿಂತೆ ಇರಲಿಲ್ಲ, ನಿಲ್ಲಬೇಕಾದವಳು ಒಬ್ಬಳೇ.

ಕೊನೆಗೂ ಬಂದಳು ಅಕ್ಕ. ಹೆಗಲ ಮೇಲೆ ಮೂರು ತಿಂಗಳ ಮೊಮ್ಮಗಳು, ಹಿಂದೆ ಮಗಳು, ಅಳಿಯ, ಬಯಲಿನವರಾದ ಬೀಗರು ಗಂಡ ಹೆಂಡತಿ. "ಮಗೂಗೆ ಅದರ ಅಜ್ಜಿ ಯಾವ ಜನ ಅಂತ ತೋರ್ಸೋಣ ಅಂತ ಕರ್ಕೊಂಡ್ ಬಂದೆ ಕಣೇ. ಇವತ್ತು ಅರ್ಥ ಆಗದಿದ್ರೂ ಪರವಾಗಿಲ್ಲ, ಒಂದು ಸಲ ಕಣ್ಣಿಗೆ ಬೀಳ್ಲಿ," ಎಂದಳು. ಬೀಗರು ತಮ್ಮ ದೊಡ್ಡ ಕಟ್ಟೆಯ ಮುಂದೆ ನಿಂತು ಅಳತೆ ನೋಡುತ್ತ ಹಿಂದುಳಿದರು. ಹೊಲಿಗೆಯವಳು ಅಕ್ಕನ ಜೊತೆ ಹಜಾರದ ಕೊನೆಯವರೆಗೆ ನಡೆದಳು. ಅವಳ ಕಣ್ಣು ಅಕ್ಕನ ಮುಖ ಬಿಟ್ಟು ಕದಲಲಿಲ್ಲ.

ಅಕ್ಕ ಬೊಂಬೆಯನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದಳು.

"ಅಯ್ಯೋ, ಇದು ನೀನೇ ಅಲ್ವೇನೇ!" ಎಂದು ಹಜಾರವೆಲ್ಲ ಕೇಳುವಂತೆ ಕೂಗಿದಳು. "ಅದೇ ಹಣೆ, ಅದೇ ತುಟಿ! ಅಂತೂ ನಿನ್ ಗಂಡನಿಗೆ ಬುದ್ಧಿ ಬಂತು ನೋಡು. ಎಷ್ಟು ಸಲ ಹೇಳಿದ್ದೆ ಗೊತ್ತಾ, ಅವಳದೊಂದು ಮಾಡಪ್ಪ ಅಂತ!" ಮಗುವನ್ನು ಬೊಂಬೆಯ ಕಡೆ ತಿರುಗಿಸಿ, "ನೋಡೇ ಪುಟ್ಟ, ಚಿಕ್ಕಜ್ಜಿ!" ಎಂದಳು.

ಹೊಲಿಗೆಯವಳು ಆ ಮುಖದಲ್ಲಿ ಹುಡುಕಿದಳು. ಎಲ್ಲಾದರೂ ಒಂದು ಚೂರು ಉರಿ, ಒಂದು ಚೂರು ಹುಳಿ? ಏನೂ ಇರಲಿಲ್ಲ. ಹಾಳಾದವಳು ನಿಜವಾಗಿಯೂ ಸಂತೋಷಪಟ್ಟಿದ್ದಳು.

ಆಮೇಲೆ ಅಕ್ಕನ ದೃಷ್ಟಿ ಕೆಳಗಿನ ಹಲಗೆಗೆ ಇಳಿಯಿತು. "ಇತರರು ಅಂತಿದೆ. ನಮ್ಮದೆಲ್ಲಿ?"

"ತೆಗೆದ್ರು. ಈಗ ನಾವೂ ಇದರಲ್ಲೇ."

"ನನ್ನ ಬೊಂಬೆ ತೆಗೀಲಿ ಬಿಡು, ಮುದುಕಿ ಆದೆ. ಹೆಸರು ಯಾಕೆ ತೆಗೆದ್ರು?" ಅಕ್ಕನ ದನಿ ಸಣ್ಣಗಾಯಿತು. "ಹಾಗೆ ಹೇಗೆ ತೆಗೀತಾರೆ? ನಮ್ಮೋರನ್ನ ಯಾರನ್ನಾದ್ರೂ ಒಂದು ಮಾತು ಕೇಳ್ಬೇಡ್ವಾ?"

ಇಲ್ಲ, ಯಾರನ್ನೂ ಕೇಳಲಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಕ್ಕನ ಆ ಸಂತೋಷವನ್ನು ನೋಡಿದ ಮೇಲೆ ಅವಳ ಒಳಗೆ ಏನೋ ಕುಸಿದಿತ್ತು.

"ಕೇಳಿದ್ರು," ಎಂದಳು. "ನನ್ನನ್ನೇ ಕೇಳಿದ್ರು. ಬೇಡ ಅಂದಿದ್ರೆ ಉಳೀತಿತ್ತೋ ಏನೋ. ತೆಗೀರಿ ಅಂದೆ."

"ಯಾಕೇ?"

"ಅಲ್ಲಿ ನಿಂತಿದ್ದೋಳು ನೀನಲ್ವಾ, ಅದಕ್ಕೆ."

ಅಕ್ಕ ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡಳು. ಅಷ್ಟರಲ್ಲಿ ಬೀಗಿತ್ತಿ ಹಿಂದಿನಿಂದ ಬಂದು, "ಎಲ್ಲಿ, ನಿಮ್ಮ ಜನ ತೋರಿಸ್ತೀನಿ ಅಂದ್ರಲ್ಲ, ಎಲ್ಲಿದ್ದಾರೆ?" ಎಂದು ನಗುತ್ತ ಕೇಳಿದಳು.

"ಇಲ್ಲೇ ಇದ್ರು," ಎಂದಳು ಅಕ್ಕ. "ಎಲ್ಲಿ ಹೋದ್ರು ಅಂತ ನನ್ ತಂಗಿಗೆ ಗೊತ್ತು. ಅವಳನ್ನೇ ಕೇಳಿ." ಹೇಳಿ, ಮಗುವನ್ನು ಎದೆಗೊತ್ತಿಕೊಂಡು ಬಾಗಿಲಿನ ಕಡೆ ನಡೆದಳು.

ಬೀಗರು, ಅಳಿಯ, ಮಗಳು ಎಲ್ಲರೂ ಹೊಲಿಗೆಯವಳ ಮುಖವನ್ನೇ ನೋಡುತ್ತ ನಿಂತರು.