ಯಾವ ಬೆಟ್ಟ ಎಂದು ಯಾರೂ ಕೇಳಲಿಲ್ಲ

೧

ಈ ಕಥೆಯನ್ನು ಕಾಡಿನಿಂದ ಶುರು ಮಾಡಬೇಕೋ, ಕುವೆಂಪುನಗರದ ನಮ್ಮ ಮನೆಯ ಹಾಲ್‌ನಿಂದ ಶುರು ಮಾಡಬೇಕೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಕಾಡಿನಿಂದ ಶುರುವಾಗುವ ಒಂದು ಕರಡು ಆಗಲೇ ಇತ್ತು. "ಮಂಜು ಕವಿದ ಮರಗಳ ನಡುವೆ ಅವನೊಬ್ಬನೇ ನಿಂತಿದ್ದ" ಎಂದು ಭಾರಿ ಗಂಭೀರವಾಗಿ ಬರೆದಿದ್ದೆ. ಅದನ್ನು ಓದಿದ ನನ್ನ ಅಣ್ಣನ ಮಗಳು ಲಹರಿ, "ಅತ್ತೆ, ಅವನು ಎಲ್ಲೂ ನಿಂತಿಲ್ಲ. ಅವನ ಮನೇಲಿ ಮಂಚದ ಮೇಲೆ ಬಿದ್ಕೊಂಡು ಆಡ್ತಿದಾನೆ" ಎಂದಳು. ಹರಿದು ಹಾಕಿದೆ. (ಹರಿಯಲಿಲ್ಲ, ಅಳಿಸಿದೆ. ಹರಿಯುವುದರಲ್ಲಿದ್ದ ಸುಖ ಈಗೆಲ್ಲಿ ಬಂತು.)

ಸರಿ, ಹಾಲ್‌ನಿಂದಲೇ ಆಗಲಿ. ಭಾನುವಾರ, ಊಟವಾಗಿದೆ. ಬಿಸಿಲಿಗೆ ಪರದೆ ಎಳೆದಿದ್ದೇವೆ. ನಾನು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೇನೆ. ಲಹರಿ ನೆಲದ ಮೇಲೆ ಕೂತು ತನ್ನ ಫೋನನ್ನು ಒಂದು ಮೊಣಕಾಲಿನ ಮೇಲೂ, ನನ್ನನ್ನು ಕೇಳದೆಯೇ ಎತ್ತಿಕೊಂಡ ನನ್ನ ಫೋನನ್ನು ಇನ್ನೊಂದು ಮೊಣಕಾಲಿನ ಮೇಲೂ ಇಟ್ಟುಕೊಂಡಿದ್ದಾಳೆ. ಎರಡರ ಸ್ಪೀಕರೂ ಆನ್ ಆಗಿದೆ; ಒಂದರಲ್ಲಿ ಬಂದ ಮಾತು ಇನ್ನೊಂದಕ್ಕೆ ಕೇಳದಂತೆ ಮೈಕನ್ನು ಮಾತ್ರ ಆಗಾಗ ಮ್ಯೂಟ್ ಮಾಡುತ್ತಾಳೆ. ಅವಳಿಗೆ ಇವತ್ತು ಇಬ್ಬರನ್ನು ಸೇರಿಸುವುದಿದೆ.

೨

ನೀವೂ ನನ್ನ ವಯಸ್ಸಿನವರಾದರೆ ಈ ಆನ್‌ಲೈನ್ ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. (ಹುಡುಗರು ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು. ಹೇಗಿದ್ದರೂ ನೀವು ಓದುವುದೇ ಹಾಗೆ.) ಗೆಳೆಯರು ಅವರವರ ಮನೆಯಲ್ಲೇ ಕೂತು ಒಂದೇ ಕಾಡಿಗೆ ಇಳಿಯುತ್ತಾರೆ. ಆದರೆ ಆಟ ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಎಸೆಯುತ್ತದೆ. ಮ್ಯಾಪ್ ಇಲ್ಲ. ಮರ ಕಡಿಯಬೇಕು, ಬೆಂಕಿ ಹಾಕಬೇಕು, ತಿನ್ನಲು ಏನಾದರೂ ಹುಡುಕಬೇಕು. ಚಳಿಗೋ ಹಸಿವಿಗೋ ಸತ್ತರೆ, ಬರಿಗೈಯಲ್ಲಿ ಮತ್ಯಾವುದೋ ಮೂಲೆಯಲ್ಲಿ ಹುಟ್ಟುತ್ತೀರಿ. ಬದುಕುವುದು ಆಮೇಲಿನ ಮಾತು, ಮೊದಲು ಒಬ್ಬರಿಗೊಬ್ಬರು ಸಿಗುವುದೇ ದೊಡ್ಡ ಪಾಡು. ಇನ್ನೊಂದು ನಿಯಮವಿದೆ: ಕಾಡಿನೊಳಗೆ ಹತ್ತಿರ ಬಂದು ನಿಂತರೆ ಮಾತ್ರ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುತ್ತದೆ. ಈ ನಿಯಮ ನಾನು ಕಟ್ಟಿದ್ದಲ್ಲ. ನಾನು ಕಟ್ಟಿದ್ದರೆ ಸಾಂಕೇತಿಕತೆ ಜಾಸ್ತಿಯಾಯಿತು ಎಂದು ನೀವು ಮೂಗು ಮುರಿಯುತ್ತಿದ್ದಿರಿ.

ದಿಕ್ಕು ತಪ್ಪಿದವರನ್ನು ಸೇರಿಸುವುದರಲ್ಲಿ ಲಹರಿ ಪಳಗಿದ ಕೈ. ಬಿಸಿಲು ಯಾವ ಕಡೆಯಿಂದ, ನೀರು ಎತ್ತ ಹರಿಯುತ್ತಿದೆ, ಕಾಲ ಕೆಳಗೆ ಮರಳೋ ಹುಲ್ಲೋ ಎಂದು ಫೋನಿನಲ್ಲೇ ಕೇಳಿ ಕೇಳಿ ಎಲ್ಲರನ್ನೂ ಒಂದೆಡೆ ತಂದು ನಿಲ್ಲಿಸುತ್ತಾಳೆ. ಮದುವೆ ಮನೆಯಲ್ಲಿ ಇಂಥವರೊಬ್ಬರಿದ್ದರೆ ಸಾಕು.

೩

ಈಗ ಆ ಇಬ್ಬರು, ಲಹರಿಯ ಗೆಳೆಯರು.

ಲಹರಿಯ ಫೋನಿನಲ್ಲಿರುವುದು ಬನ್ನಿಮಂಟಪದ ಸಂಘಮಿತ್ರ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳನ್ನು ಸಾಕಿ ಬೆಳೆಸಿದ್ದು ಅಜ್ಜಿ ಚಲುವಮ್ಮ. ನನ್ನ ಫೋನಿನಲ್ಲಿರುವುದು ಲಷ್ಕರ್ ಮೊಹಲ್ಲಾದ ನಿರಂಜನ್. ಮದುವೆ ಕಾರ್ಡು ಡಿಸೈನ್ ಮಾಡುತ್ತಾನೆ. ಪಿಯುಸಿಯಿಂದ ಇಬ್ಬರೂ ಜೊತೆ. ಪ್ರೇಮವಲ್ಲ, ಸುಮ್ಮನೆ ಹುಡುಕಬೇಡಿ. ನಾನೂ ಎರಡು ಕರಡಿನಲ್ಲಿ ಹುಡುಕಿ ಸೋತಿದ್ದೇನೆ. ನಿರಂಜನ್ ವಾರಕ್ಕೊಮ್ಮೆಯಾದರೂ ಅವರ ಮನೆಗೆ ಹೋಗಿ ಚಲುವಮ್ಮನ ಕೈಯ ಮುದ್ದೆ, ಉಪ್ಸಾರು ಉಂಡು ಬರುತ್ತಿದ್ದ. ನನಗೆ ಇಬ್ಬರು ಮೊಮ್ಮಕ್ಕಳು ಎಂದು ಆಕೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಹೋದ ವರ್ಷ ಚಲುವಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಂಘಮಿತ್ರ ಮೊದಲು ಫೋನ್ ಮಾಡಿದ್ದು ನಿರಂಜನನಿಗೆ. ಗೇಟಿನ ಹತ್ತಿರ ಇರುತ್ತೇನೆ, ಬಾ ಎಂದಳು. ಬರ್ತಿದೀನಿ ಎಂದ. ಬರಲಿಲ್ಲ. ಮಣ್ಣಿಗೂ ಬರಲಿಲ್ಲ, ಬೌದ್ಧ ಭಿಕ್ಷು ಭಂತೇಜಿಯವರು ಮನೆಗೆ ಬಂದು ತೀರಿಹೋದವರಿಗಾಗಿ ಪುಣ್ಯಾನುಮೋದನೆ ಮಾಡಿಸಿದ ದಿನವೂ ಬರಲಿಲ್ಲ. ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ಅವಳ ಜಾಗದಲ್ಲಿ ನಾನಿದ್ದರೆ ಇನ್ನೂ ಏನೇನೋ ಮಾಡುತ್ತಿದ್ದೆ.

ಅವನು ಲಹರಿಯ ಬೆನ್ನು ಬಿದ್ದ. ಒಂದು ಸಲ ಅವಳ ಹತ್ತಿರ ಮಾತಾಡಬೇಕು, ಅಷ್ಟೇ, ಏನಾದರೂ ಮಾಡು ಎಂದ. ಲಹರಿ ತಿಂಗಳುಗಟ್ಟಲೆ ಕೇಳಿಕೊಂಡ ಮೇಲೆ ಸಂಘಮಿತ್ರ ಒಂದು ಷರತ್ತು ಹಾಕಿದಳು: "ಮೆಸೇಜು ಬೇಡ, ಫೋನು ಬೇಡ, ಅವನ ಮಾತು ತಂದು ಹೇಳೋಕೆ ನೀನೂ ಬೇಡ. ಆಟದಲ್ಲಿ ನನ್ನ ಹತ್ರ ಬಂದು ನಿಂತ್ಕೊಂಡ್ರೆ ಕೇಳಿಸ್ಕೋತೀನಿ. ಒಂದೇ ಸಲ. ಸತ್ತು ಇನ್ನೆಲ್ಲೋ ಹುಟ್ಟಿದ್ರೆ ಅಲ್ಲಿಗೆ ಮುಗೀತು."

೪

ಕಾಡಿಗೆ ಇಳಿದರು. ಲಹರಿ ಇಬ್ಬರನ್ನೂ ಕೇಳಿದಳು, ಏನು ಕಾಣುತ್ತದೆ ಎಂದು. ಬೆಟ್ಟ ಎಂದಳು ಸಂಘಮಿತ್ರ. ಬೆಟ್ಟ ಎಂದ ನಿರಂಜನ್. ಹಾಗಾದರೆ ಬೆಟ್ಟದ ಬುಡಕ್ಕೆ ಹೋಗಿ ನಿಂತುಕೊಳ್ಳಿ ಎಂದಳು ಲಹರಿ. ಕೆಲಸ ಇಷ್ಟು ಸಲೀಸಾಯಿತಲ್ಲ ಎಂದು ಒಳಗೆ ಹೋಗಿ ಕೋಡುಬಳೆ ಡಬ್ಬಿಯನ್ನೂ ತಂದಳು.

ಈಗ ಮೈಸೂರಿನವರ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ನಮಗೆ ಪ್ರಪಂಚದಲ್ಲಿ ಇರುವುದೇ ಒಂದು ಬೆಟ್ಟ. ಮನೆಗೆ ದಾರಿ ಕೇಳಿದರೆ ಬೆಟ್ಟಕ್ಕೆ ಬೆನ್ನು ಮಾಡಿ ನಿಂತ್ಕೊಳ್ಳಿ ಎನ್ನುತ್ತೇವೆ. ದಿಕ್ಕು ತಪ್ಪಿದರೆ ಬೆಟ್ಟ ಹುಡುಕುತ್ತೇವೆ, ಸಂಜೆ ಅದರ ದೀಪ ಕಂಡರೆ ಮನೆ ಹತ್ತಿರ ಬಂತು ಎಂದು ಸಮಾಧಾನ. ಹಾಗಾಗಿ ಮೂವರಲ್ಲಿ ಒಬ್ಬರಿಗೂ ಯಾವ ಬೆಟ್ಟ ಎಂದು ಕೇಳಬೇಕೆನಿಸಲಿಲ್ಲ. ಕಥೆ ಬರೆಯುವ ನನಗೂ ಹೊಳೆಯಲಿಲ್ಲ.

ಇಬ್ಬರೂ ಹೋಗಿ ನಿಂತರು. ಕಾದರು. ಸಂಘಮಿತ್ರ ಬೆಂಕಿ ಹಾಕಿಕೊಂಡಳು, ಚಳಿಗೆ ಒಂದು ಸಣ್ಣ ಗುಡಿಸಲನ್ನೂ ಕಟ್ಟಿಕೊಂಡಳು. ಯಾರೂ ಬರಲಿಲ್ಲ. ನನ್ನ ಫೋನಿನಲ್ಲಿ ನಿರಂಜನ್ ತಾನು ಬಂದಾಗಿದೆ, ಅವಳೇ ಇಲ್ಲ ಎನ್ನುತ್ತಿದ್ದ. ಅವನು ಬಂದಿದಾನಂತೆ ಕಣೇ ಎಂದು ಲಹರಿ ತನ್ನ ಫೋನಿನಲ್ಲಿ ಹೇಳಿದಳು.

"ಅವತ್ತೂ ಹಂಗೇ ಅಂದಿದ್ದ" ಎಂದಳು ಸಂಘಮಿತ್ರ.

ಆಗ ಲಹರಿ ಕೋಡುಬಳೆ ಕೆಳಗಿಟ್ಟು ಬೆಟ್ಟದ ತುದಿಯಲ್ಲಿ ಏನಿದೆ ಎಂದು ಇಬ್ಬರನ್ನೂ ಕೇಳಿದಳು. ಒಬ್ಬಳ ಬೆಟ್ಟದ ತುದಿಯಲ್ಲಿ ಹಿಮವಿತ್ತು. ಇನ್ನೊಬ್ಬನದರಲ್ಲಿ ಒಡೆದ ಬಂಡೆ ಮಾತ್ರ.

೫

ಇಲ್ಲಿ ನನ್ನ ತಲೆಯಲ್ಲಿ ದೀಪ ಹತ್ತಿತು. ಎರಡು ಬೆಟ್ಟವಿದ್ದ ಹಾಗೆ ಆಸ್ಪತ್ರೆಗೂ ಎರಡು ಗೇಟು ಇರಬಾರದೇಕೆ? ಅವನು ಹಿಂದಿನ ಗೇಟಿನಲ್ಲಿ ಕಾದಿದ್ದ, ಅವಳು ಮುಂದಿನ ಗೇಟಿನಲ್ಲಿ. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಅವಳು ಹೊರಟುಹೋದಳು ಎಂದುಕೊಂಡು ನೊಂದು ಹಿಂದಿರುಗಿದ. ಯಾರದೂ ತಪ್ಪಿಲ್ಲ. ಒಂದೇ ಉಸಿರಿಗೆ ಐದು ಪ್ಯಾರಾ ಬರೆದು, ಅಷ್ಟಕ್ಕೇ ತಡೆಯಲಾರದೆ ನನ್ನ ಫೋನಿನತ್ತ ಬಾಗಿ ನಿರಂಜನನಿಗೆ ಓದಿಯೂ ಹೇಳಿದೆ.

ಅವನು ಪೂರ್ತಿ ಕೇಳಿಸಿಕೊಂಡ.

"ಆಂಟಿ, ಆ ಆಸ್ಪತ್ರೆಗೆ ಒಂದೇ ಗೇಟು. ನಾನು ಹೋಗ್ಲೇ ಇಲ್ಲ. ಚಪ್ಪಲಿ ಹಾಕ್ಕೊಂಡು ಹೊರಟೆ, ನಮ್ಮನೆ ಮೆಟ್ಟಿಲ ಮೇಲೆ ಕೂತ್ಬುಟ್ಟೆ. ಅಜ್ಜೀನ ಹಂಗೆ ಮಲಗಿಸಿರೋದನ್ನ ನೋಡಕ್ಕೆ ಆಗಲ್ಲ ಅನ್ನಿಸ್ತು. ಆಮೇಲೆ ಅವಳ ಮುಖ ನೋಡಕ್ಕೂ ಆಗಲ್ಲ ಅನ್ನಿಸ್ತು. ಅಷ್ಟೇ. ಎರಡನೇ ಗೇಟು ಇಡ್ಬೇಡಿ."

ನಾನೂ ಬಿಡಲಿಲ್ಲ. ಕಥೆ ನನ್ನದು, ಬೇಕಾದಷ್ಟು ಗೇಟು ಇಡುತ್ತೇನೆ, ಓದುವವರೆಲ್ಲ ನಿನ್ನನ್ನು ಕ್ಷಮಿಸುತ್ತಾರಲ್ಲಪ್ಪ ಎಂದೆ.

"ಓದೋರು ಕ್ಷಮಿಸಿ ನಂಗೇನಾಗ್ಬೇಕು ಆಂಟಿ?"

ಲಹರಿಗೆ ಕಣ್ಣು ತುಂಬಿತ್ತು. ಇಷ್ಟನ್ನೇ ಸಂಘಮಿತ್ರಳಿಗೆ ಈಗ ನಾನೇ ಹೇಳಿಬಿಡಲಾ ಎಂದು ಕೇಳಿದಳು. ಬೇಡವೆಂದ. ಅವಳೆದುರು ನಿಂತು ತಾನೇ ಹೇಳಬೇಕೆಂದ. ಆ ಐದು ಪ್ಯಾರಾ ತೆಗೆದೆ. ಕಥೆಯಲ್ಲಿ ಅದೇ ಚೆನ್ನಾಗಿ ಬಂದಿತ್ತು. ಹೊಟ್ಟೆ ಉರಿಯಿತು. ಆದರೆ ಆ ಹುಡುಗನ ಮೇಲೆ ಮೊದಲ ಸಲ ಗೌರವವೂ ಹುಟ್ಟಿತು.

೬

ಕಳೆದುಹೋದ ಇಬ್ಬರು ಸಿಗಬೇಕಾದರೆ ಒಬ್ಬರು ನಿಲ್ಲಬೇಕು, ಒಬ್ಬರು ನಡೆಯಬೇಕು. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ತಪ್ಪಿಹೋಗುತ್ತಾರೆ ಎಂದು ಲಹರಿ ವಿವರಿಸಿದಳು. ನಿಂತವರು ಎತ್ತರದ ಜಾಗದಲ್ಲಿ ಬೆಂಕಿ ಉರಿಸುತ್ತಿರಬೇಕು. ಯಾರು ನಿಲ್ಲುತ್ತೀರಿ?

"ನಿಂತ್ಕೊಂಡು ನಂಗೆ ಅಭ್ಯಾಸ ಇದೆ" ಎಂದಳು ಸಂಘಮಿತ್ರ. "ಅವನು ನಡೀಲಿ."

ಗುಡಿಸಲು ಕಿತ್ತುಕೊಂಡು ಬೆಟ್ಟದ ಅರ್ಧಕ್ಕೆ ಹತ್ತಿದಳು. ಅಲ್ಲಿ ಮತ್ತೆ ಅದನ್ನು ಕಟ್ಟಿ ಅದರ ಮುಂದೆ ಬೆಂಕಿ ಹಾಕಿದಳು. ನಮ್ಮ ಹಾಲ್‌ನಲ್ಲಿ ಮಟಮಟ ಮಧ್ಯಾಹ್ನ, ಕಾಡಿನಲ್ಲಿ ಕತ್ತಲಾಯಿತು. ದೂರದಲ್ಲಿ ಕೆಂಪಗೆ ಒಂದು ಚುಕ್ಕೆ ಕಾಣುತ್ತಿದೆ ಎಂದ ನಿರಂಜನ್. ಅದೇ ಬೆಟ್ಟ, ಕಣ್ಣು ತಪ್ಪಿಸಬೇಡ ಎಂದಳು ಲಹರಿ. ಅವನ ಹತ್ತಿರ ತಿನ್ನಲು ಏನೂ ಉಳಿದಿರಲಿಲ್ಲ. ಆಟದ ಪರದೆಯ ಮೂಲೆಯಲ್ಲಿ ಅವನ ಜೀವದ ಗೆರೆ ಮೊಟಕಾಗುತ್ತಾ ಬಂದಿದೆಯಂತೆ.

೭

ಈಗ ನೀವು ಮುಕ್ತಾಯ ಕೇಳುತ್ತೀರಿ. ಮೂರು ಬರೆದಿಟ್ಟಿದ್ದೇನೆ, ನೋಡಿ.

ಅ) ಅವನು ತಲುಪುತ್ತಾನೆ, ಹೇಳುತ್ತಾನೆ, ಇಬ್ಬರೂ ಅಳುತ್ತಾರೆ. ನಾನು ಅಳಲ್ಲ ಅಂತ ಬರ್ಕೊಳ್ಳಿ ಆಂಟಿ ಎಂದಳು ಸಂಘಮಿತ್ರ. ಹೊಡೆದು ಹಾಕಿದೆ.

ಆ) ದಾರಿಯಲ್ಲಿ ಅವನನ್ನು ತೋಳ ತಿನ್ನುತ್ತದೆ. ಈ ಆಟದಲ್ಲಿ ತೋಳವೇ ಇಲ್ಲ ಎಂದಳು ಲಹರಿ. (ಕರಡಿ? ಅದೂ ಇಲ್ಲವಂತೆ.)

ಇ) ಅವನು ತಲುಪಿ ಎಲ್ಲ ಹೇಳುತ್ತಾನೆ. ಅವಳು ಕೇಳಿಸಿಕೊಂಡು, ಒಂದು ಮಾತೂ ಆಡದೆ ಆಟದಿಂದ ಎದ್ದು ಹೋಗುತ್ತಾಳೆ. ಇದನ್ನು ನಿರಂಜನನಿಗೆ ಹೆದರಿ ಹೆದರಿ ಓದಿದೆ. "ಅದಾದ್ರೂ ಪರ್ವಾಗಿಲ್ಲ, ಇಟ್ಕೊಳ್ಳಿ" ಎಂದ. ನನಗೆ ಬಹಳ ಸಂಕಟವಾಯಿತು. ಲ್ಯಾಪ್‌ಟಾಪ್ ಮುಚ್ಚಿದೆ.

೮

ಆದ್ದರಿಂದ ನಾನು ಇದನ್ನು ಮುಗಿಸುತ್ತಿಲ್ಲ. ಬೇಕಾದರೆ ಬೈದುಕೊಳ್ಳಿ. ಕಿವಿಗೆ ಬಿದ್ದಷ್ಟನ್ನು ಹೇಳಿ ಎದ್ದುಬಿಡುತ್ತೇನೆ.

ನನ್ನ ಫೋನಿನಲ್ಲಿ ನಿರಂಜನನ ಹೆಜ್ಜೆಯ ಸದ್ದು ಬರುತ್ತಿತ್ತು, ಹಿಮದ ಮೇಲೆ ಕರಕರ ಎಂದು. ಚುಕ್ಕೆ ಸಣ್ಣದಾಗುತ್ತಿದೆ, ಸರಿಯಾಗಿ ಕಾಣುತ್ತಿಲ್ಲ ಎಂದ. ಬೆಂಕಿ ಇಳೀತಿದೆ ಕಣೇ ಎಂದು ಲಹರಿ ಸಂಘಮಿತ್ರಳಿಗೆ ಹೇಳಿದಳು. ಕಟ್ಟಿಗೆ ಮುಗಿದಿತ್ತು. ಮರಗಳೆಲ್ಲ ಬೆಟ್ಟದ ಕೆಳಗೆ. ಇಳಿದು ಹೋಗಿ ಬರುವಷ್ಟರಲ್ಲಿ ಬೆಂಕಿ ಆರುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಸಂಘಮಿತ್ರಳ ಕಡೆಯಿಂದ ಕೊಡಲಿ ಏಟು ಕೇಳಿಸಿತು. ಅಲ್ಲಿ ಮರವೇ ಇಲ್ಲವಲ್ಲ, ಏನು ಕಡೀತಿದೀಯ ಎಂದು ಲಹರಿ ಕೇಳಿದಳು.

"ಗುಡಿಸಲಿನ ಬಾಗಿಲು."

ಅದು ಹೋದರೆ ಚಳಿಗೆ ನೀನೇ ಸಾಯ್ತೀಯ ಎಂದು ಲಹರಿ ಗದರಿದಳು. ಕೊಡಲಿ ಏಟು ನಿಲ್ಲಲಿಲ್ಲ. ನನ್ನ ಫೋನಿನಲ್ಲಿ ನಿರಂಜನ್, ಈಗ ಕಾಣ್ತಿದೆ, ಈಗ ಚೆನ್ನಾಗಿ ಕಾಣ್ತಿದೆ ಎಂದ. ಹೆಜ್ಜೆಯ ಸದ್ದು ಜೋರಾಯಿತು.

ಬಾಗಿಲು ಮುಗಿದ ಮೇಲೆ ಅವಳು ಗೋಡೆಗೆ ಕೊಡಲಿ ಹಾಕಿದಳು.