ಒಂಬತ್ತು ಪಾದ

ಐದನೆಯ ಪಾದಕ್ಕೆ ಅಂಜಿನಯ್ಯ ನಿಂತುಬಿಟ್ಟ. ಬರಿಗಾಲಿನಲ್ಲಿ, ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತ, ಮದ್ದಿನ ಡಬ್ಬಗಳಿಂದ ಹಿಂದಕ್ಕೆ ಒಂಬತ್ತು ಪಾದ ಅಳೆದು ಸೀಮೆಸುಣ್ಣದ ಗೆರೆ ಎಳೆಯುವುದು ಅವನ ಹನ್ನೊಂದು ವರ್ಷದ ರೂಢಿ. ಹಾಡುವವರು ಆ ಗೆರೆ ದಾಟುವಂತಿಲ್ಲ. ಇವತ್ತು ಅವನು ಅತ್ತಿತ್ತ ನೋಡಿ, ಐದಕ್ಕೇ ಬಗ್ಗಿ ಗೆರೆ ಎಳೆದ. ಗೆರೆ ನೆಟ್ಟಗೇ ಬಂತು. ಅದು ಅವನಿಗೇ ಆಶ್ಚರ್ಯವಾಯಿತು.

ಹಗಲೆಲ್ಲ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಂಜಿನಯ್ಯ, ಸಂಜೆ ವೆಂಕಟರಮಣಪ್ಪನ ಆರ್ಕೆಸ್ಟ್ರಾದಲ್ಲಿ ಬೆಂಕಿಯವನು. ಸ್ಟೇಜಿನ ಅಂಚಿಗೆ ನಾಲ್ಕು ಹಾಲಿನಪುಡಿ ಡಬ್ಬ. ಅರ್ಧಕ್ಕೆ ಮರಳು, ಮೇಲೊಂದು ಹಿಡಿ ಹೂಕುಂಡದ ಮದ್ದು, ಅದರೊಳಗೆ ಕೂದಲಿನಷ್ಟು ಸಣ್ಣ ತಂತಿ. ತಂತಿಯ ಇನ್ನೊಂದು ತುದಿ ಪಕ್ಕದ ಪರದೆಯ ಹಿಂದೆ, ಕಾರಿನ ಬ್ಯಾಟರಿಗೆ ಜೋಡಿಸಿದ ಪೆಟ್ಟಿಗೆಗೆ ಹೋಗುತ್ತಿತ್ತು. ಬೀಗದ ಕೈ ಹಾಕಿ ತಿರುಗಿಸದೆ ಆ ಪೆಟ್ಟಿಗೆಯ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ. ಏಳು ವರ್ಷದ ಹಿಂದೆ, ಬೀಗದ ಕೈಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಅವನು ಮದ್ದು ತುಂಬುತ್ತಿದ್ದಾಗ ಯಾರೋ ಪುಣ್ಯಾತ್ಮ ಗುಂಡಿ ಒತ್ತಿ ನೋಡಿದ್ದ. ಎಡ ಮುಂಗೈಯ ಮೇಲೆ ಇವತ್ತಿಗೂ ಒಂದು ಕೂದಲಿಲ್ಲ. ಅಂದಿನಿಂದ ಬೀಗದ ಕೈ ಅವನ ಉಡಿದಾರಕ್ಕೇ ಕಟ್ಟಿರುತ್ತಿತ್ತು.

ನಾಲ್ಕು ಡಬ್ಬವೂ ಒಟ್ಟಿಗೆ ಚಿಮ್ಮಿದಾಗ ಮೈದಾನಕ್ಕೆ ಮೈದಾನವೇ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ತನ್ನದು ಎಂದು ಅಂಜಿನಯ್ಯ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಹೋದ ಯುಗಾದಿಗೆ ವಿಜಯನಗರದ ರೇವಣಸಿದ್ದಯ್ಯ ಬಂದ. ನೋಟೀಸಿನಲ್ಲಿ ಬರೀ ‘ರೇವಣ್’. ಬೆಂಕಿ ಏಳುವ ಹೊತ್ತಿಗೆ ಅವನು ಕೈ ಚಾಚಿ ನಿಲ್ಲಬೇಕೆಂದು ವೆಂಕಟರಮಣಪ್ಪ ಏರ್ಪಾಡು ಮಾಡಿದ. ಈಗ ಸಿಳ್ಳೆಯೆಲ್ಲ ಅವನ ಪಾಲು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಪಕ್ಕದ ಬೀದಿಯ ಗಣೇಶನ ಪೆಂಡಾಲಿನಲ್ಲಿ ಅವನ ಹಾಡು ಮೈಕಿನಲ್ಲಿ ಕೇಳಿದ ಮೇಲೆ ಹೆಂಡತಿ ಹನುಮಕ್ಕ ಅಕ್ಕಿ ತೊಳೆಯುವಾಗಲೂ ಅದನ್ನೇ ಗುನುಗತೊಡಗಿದಳು. ಗಂಡನ ಬೆಂಕಿ ನೋಡಲು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾರದವಳು, ಇವತ್ತು ಮಧ್ಯಾಹ್ನವೇ ಮಲ್ಲಿಗೆ ಕಟ್ಟಿಕೊಂಡು ಕೂತಿದ್ದಳು.

“ಹೊಗೆ ಅಂದ್ರೆ ಕೆಮ್ಮು ಬರತ್ತೆ ಅಂತಿದ್ದೆ?” ಎಂದು ಕೇಳಿದ್ದ ಅಂಜಿನಯ್ಯ.

“ಮೂಗಿಗೆ ಸೆರಗು ಮುಚ್ಕೋತೀನಿ ಬಿಡಿ. ಅದೇನ್ ಗಂಟಲು ಕಣ್ರಿ ಆ ಹುಡುಗಂದು! ಒಂದ್ಸಲ ಎದುರಿಗೆ ಕೂತು ಕೇಳ್ಬೇಕು.”

ಅವನ ಹೊಟ್ಟೆ ಉರಿಯಿತು. ರೇವಣ್‌ನನ್ನು ಕೊಲ್ಲಬೇಕೆಂದೇನೂ ಅವನಿಗಿರಲಿಲ್ಲ. ತೋಳಿಗೆ ನಾಲ್ಕು ಕಿಡಿ ಹಾರಬೇಕು, ಆ ಸುಂದರಾಂಗ ಅಯ್ಯಯ್ಯೋ ಎಂದು ಸ್ಟೇಜಿನ ಮೇಲೆ ಕುಣಿಯಬೇಕು, ಮೂರನೆಯ ಸಾಲಿನಲ್ಲಿ ಕೂತಿರುವ ಹನುಮಕ್ಕ ಅದನ್ನು ನೋಡಬೇಕು. ಇಷ್ಟೇ ಲೆಕ್ಕ. ಎರಡು ಬಕೆಟ್ ನೀರು, ಎರಡು ಬಕೆಟ್ ಮರಳು, ಒದ್ದೆ ಗೋಣಿ ಎಲ್ಲವನ್ನೂ ಎಂದಿನಂತೆ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಅಷ್ಟರಿಂದಲೇ ತಾನು ಕೆಟ್ಟವನಲ್ಲ ಎಂದು ಸಮಾಧಾನ ಮಾಡಿಕೊಂಡ.

ಏಳು ಗಂಟೆಗೆ ದೀಪ ಆರಿತು. ಒಂದು ನೀಲಿ ಬಲ್ಬು ಮಾತ್ರ ಉಳಿಯಿತು. ಅಂಜಿನಯ್ಯ ಉಡಿದಾರದಿಂದ ಬೀಗದ ಕೈ ಬಿಚ್ಚಿ, ಪೆಟ್ಟಿಗೆಗೆ ಹಾಕಿ ತಿರುಗಿಸಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಡ್ರಮ್ಮಿನವನು ಶುರು ಮಾಡಿದ. ಅವನು ಕಂಚಿನ ತಾಳ ಹೊಡೆದ ತಕ್ಷಣ ಒತ್ತಬೇಕು.

ರೇವಣ್ ಬಂದ. ಹೊಸ ನೈಲಾನ್ ಅಂಗಿ, ಮಿರಮಿರ ಮಿಂಚುವುದು, ಜೋತುಬಿದ್ದ ಅಗಲ ತೋಳು. ಜನರ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ಬೂಟಿನ ತುದಿಯಿಂದ ಗೆರೆ ಹುಡುಕುತ್ತ ಮುಂದೆ ಬಂದ. ಒಂದು ಕಡೆ ಅನುಮಾನಿಸಿದ. ಮತ್ತೆರಡು ಹೆಜ್ಜೆ ಇಟ್ಟು, ಗೆರೆ ಕಂಡದ್ದೇ ಎರಡೂ ಬೂಟುಗಳನ್ನು ಅದಕ್ಕೆ ಸರಿಯಾಗಿ ಜೋಡಿಸಿದ. ಪರದೆಯ ಕಡೆ ತಿರುಗಿ, ಪ್ರತಿಸಲದಂತೆ, ನಾನು ತಯಾರು ಎಂದು ಹೆಬ್ಬೆರಳೆತ್ತಿ ತೋರಿಸಿದ. ಆಮೇಲೆ ಕೈ ಚಾಚಿದ.

ಅಂಗಿಯ ತೋಳು ಡಬ್ಬಗಳ ಕಡೆಗೆ ಇಳಿಬಿತ್ತು. ನೈಲಾನಿನ ಗುಣ ಅಂಜಿನಯ್ಯನಿಗೆ ಗೊತ್ತಿತ್ತು. ವೆಲ್ಡಿಂಗ್ ಕಿಡಿ ಹಾರಿ ಕಾರ್ಖಾನೆಯ ಗೆಳೆಯನೊಬ್ಬನ ಅಂಗಿ ಕರಗಿ ಮೈಗೆ ಅಂಟಿಕೊಂಡಾಗ, ಅದನ್ನು ಬಿಡಿಸಿದವರಲ್ಲಿ ಅವನೂ ಒಬ್ಬ. ಗೋಣಿ ಹಿಡಿದು ಇಲ್ಲಿಂದ ಅಲ್ಲಿಗೆ ಓಡಲು ಎಷ್ಟು ಹೊತ್ತು ಬೇಕೆಂದು ಯೋಚಿಸಿದ. ಎಡ ಮುಂಗೈ ಚುರುಗುಟ್ಟಿತು. ತಾಳ ಬಿತ್ತು. ಅವನು ಬೀಗದ ಕೈಯನ್ನು ಸರಕ್ಕನೆ ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡ.

ಬೆಂಕಿ ಬರಲಿಲ್ಲ. ಹಿಂದಿನಿಂದ ಯಾವನೋ “ಟುಸ್ಸ್!” ಎಂದು ಕೂಗಿದ. ಮೈದಾನ ಗೊಳ್ಳೆಂದು ನಕ್ಕಿತು. ಅಷ್ಟು ವರ್ಷ ಸಿಳ್ಳೆ ತನ್ನದೆಂದುಕೊಂಡಿದ್ದವನಿಗೆ ಈ ನಗುವೂ ತನ್ನದೇ ಎಂದು ತಿಳಿಯಿತು.

ರೇವಣ್ ಕೈ ಚಾಚಿಕೊಂಡೇ ಒಂದು ಗಳಿಗೆ ನಿಂತ. ನಂತರ ತಾನೂ ನಕ್ಕು, ಕೈ ಇಳಿಸಿ, ವಾದ್ಯಕ್ಕೂ ಕಾಯದೆ ಹಾಡತೊಡಗಿದ. ನಗು ನಿಂತಿತು. ಹಾಡು ಮುಗಿದಾಗ ಎದ್ದ ಸಿಳ್ಳೆಯಂಥ ಸಿಳ್ಳೆ ನಾಲ್ಕಲ್ಲ, ನಲವತ್ತು ಡಬ್ಬ ಹಚ್ಚಿದ್ದರೂ ಏಳುತ್ತಿರಲಿಲ್ಲ. “ಒನ್ಸ್ ಮೋರ್! ಒನ್ಸ್ ಮೋರ್!” ಮೂರನೆಯ ಸಾಲಿನಲ್ಲಿ ಹನುಮಕ್ಕ ಸೆರಗು ಜಾರಿದ್ದೂ ತಿಳಿಯದೆ ಚಪ್ಪಾಳೆ ತಟ್ಟುತ್ತಿದ್ದಳು.

ಕಾರ್ಯಕ್ರಮ ಮುಗಿದದ್ದೇ ವೆಂಕಟರಮಣಪ್ಪ ಹಾರಾಡುತ್ತ ಬಂದ. “ಏನಯ್ಯ ಅಂಜಿನಯ್ಯ, ಮಾನ ಕಳೆದ್ಬಿಟ್ಟೆ! ಒಂದಿನಾನೂ ಹಿಂಗಾಗಿರ್ಲಿಲ್ವಲ್ಲಯ್ಯ!”

“ಬಿಡಿ ಸಾರ್,” ಎಂದ ಹಿಂದೆಯೇ ಬಂದ ರೇವಣ್. “ಬೆಳಗ್ಗಿಂದ ಸೋನೆ ಹಿಡ್ಕೊಂಡಿತ್ತಲ್ಲ, ಮದ್ದು ನೆಂದಿರತ್ತೆ. ಅಣ್ಣ ತಾನೇ ಏನ್ ಮಾಡ್ತಾರೆ?”

ಅಂಜಿನಯ್ಯ ಡಬ್ಬದ ಮದ್ದನ್ನು ನೀರಿನ ಬಕೆಟ್ಟಿಗೆ ಸುರಿಯುತ್ತಿದ್ದ. ಒಣ ಮದ್ದು ನೀರಿನ ಮೇಲೆ ತೇಲಿತು. ಅವನು ಬೇಗ ಕೈಹಾಕಿ ಕದಡಿದ.

“ಹೂಂ, ನೆಂದಿತ್ತು,” ಎಂದ.

ವೆಂಕಟರಮಣಪ್ಪ ಗೊಣಗುತ್ತ ಹೋದ. ರೇವಣ್ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಡಬ್ಬ ಎತ್ತಿಕೊಟ್ಟ. “ಅಣ್ಣ, ಇವತ್ತು ಎಷ್ಟ್ ಮುಂದ್ ಬಂದ್ರೂ ಗೆರೆ ಸಿಗ್ಲಿಲ್ಲ. ಡಬ್ಬ ಬಹಳ ಹತ್ರ ಆಯ್ತೇನೋ ಅಂತ ಒಂಚೂರು ಭಯ ಆಯ್ತು. ಆಮೇಲೆ, ಅಂಜಿನಣ್ಣ ಅಳೆದಿದಾರಲ್ಲ, ಇನ್ನೇನು ಅಂತ ನಿಂತ್ಕೊಂಡೆ.”

ಅಂಜಿನಯ್ಯ ತಲೆ ಎತ್ತಲಿಲ್ಲ. “ಹೊತ್ತಾಯ್ತು, ನೀನು ಮನೆಗ್ ನಡಿ,” ಎಂದಷ್ಟೇ ಹೇಳಿದ.

ಕುರ್ಚಿಗಳನ್ನು ಮಡಿಸುವ ಸದ್ದಿನ ನಡುವೆ ಹನುಮಕ್ಕ ಗಂಡನ ಚಪ್ಪಲಿ ಹಿಡಿದುಕೊಂಡು ಸ್ಟೇಜಿನ ಕೆಳಗೆ ಬಂದು ನಿಂತಳು. “ಎಷ್ಟ್ ಚೆನ್ನಾಗ್ ಹಾಡ್ದ ಅಲ್ವಾ? ಹೊಗೆನೂ ಬರ್ಲಿಲ್ಲ, ಒಳ್ಳೇದೇ ಆಯ್ತು. ಬನ್ನಿ, ಹೋಗೋಣ.”

“ಬಂದೆ, ಇರು.”

ಸೀಮೆಸುಣ್ಣದ ಗೆರೆಯ ಮೇಲೆ ಎರಡು ಬೂಟಿನ ತುದಿಗಳ ಗುರುತು ಹಾಗೇ ಇತ್ತು. ಅಂಜಿನಯ್ಯ ಅದಕ್ಕೆ ಬೆನ್ನು ಹಾಕಿ, ಹಿಮ್ಮಡಿಯನ್ನು ಗೆರೆಗೆ ತಾಗಿಸಿದ. ಬಾಯಲ್ಲಿ ಎಣಿಸುತ್ತ ಒಂದೊಂದೇ ಪಾದ ಇಟ್ಟ. ಆರು. ಏಳು. ಎಂಟು. ಒಂಬತ್ತು. ಜೇಬಿನಿಂದ ಚೂರು ಸೀಮೆಸುಣ್ಣ ತೆಗೆದು, ಖಾಲಿ ಸ್ಟೇಜಿನ ಉದ್ದಕ್ಕೂ ಬಗ್ಗಿಕೊಂಡು ಗೆರೆ ಎಳೆಯತೊಡಗಿದ. ಹನುಮಕ್ಕ ಚಪ್ಪಲಿ ಹಿಡಿದುಕೊಂಡು ನೋಡುತ್ತಲೇ ಇದ್ದಳು.