ವಂದನಾರ್ಪಣೆಯ ಎರಡು ಮಾತು

ಕ್ಷಮಿಸಬೇಕು, ಇಷ್ಟು ದೊಡ್ಡವರ ಮುಂದೆ ಬಾಯಿ ತೆರೆಯುವ ಯೋಗ್ಯತೆ ನನಗಿಲ್ಲ — ಹೀಗೆ ಶುರುಮಾಡಬೇಕು, ಎಲ್ಲರೂ ಹೀಗೇ ಶುರುಮಾಡುವುದು, ಎಂದು ವೇದಿಕೆಯ ತುದಿ ಕುರ್ಚಿಯಲ್ಲಿ ಕೂತ ಸಣ್ಣಯ್ಯ ಮನಸ್ಸಿನಲ್ಲೇ ಉರುಹೊಡೆಯುತ್ತಿರುವಾಗ ಎದುರಿಗೆ ಪರದೆಯಾಗಿ ಕಟ್ಟಿದ ಬಿಳಿ ಪಂಚೆಯ ಮೇಲೆ ಕೇರಿಯ ವೀರಗಲ್ಲಿನ ಚಿತ್ರ ತಲೆಕೆಳಗಾಗಿ ಬಂದು ನಿಂತಿತು, ಕಲ್ಲಿನೊಳಗಿನ ವೀರ ಕಾಲು ಮೇಲೆ ಮಾಡಿಕೊಂಡು, ಅವನು ಕಾದ ಹಸುಗಳು ಆಕಾಶದಲ್ಲಿ ನಡೆಯುತ್ತ, ಹಾಲ್ ತುಂಬ ನಗು, ಅಯ್ಯಯ್ಯೋ ನಮ್ಮಪ್ಪನ್ನ ತಲೆಕೆಳಗ್ ನಿಲ್ಸ್ಬುಟ್ಟವ್ರೆ ಕಣ್ಲಾ ಎಂದು ಬಾಗಿಲಾಚೆ ಜಗಲಿಯಿಂದ ಒಂದು ಗಂಟಲು, ದೊಡ್ಡವ್ವ ಮುದ್ದಮ್ಮನದು, ಇನ್ಯಾರದು, ದುದ್ದದ ಆಚೆಯ ಕೇರಿಯಿಂದ ನಡೆದು ಬಂದಿದ್ದಾಳೆ, ತನ್ನ ಕಲ್ಲು ದೀಪದ ಬೆಳಕಲ್ಲಿ ಹೆಂಗೆ ಕಾಣುತ್ತದೆ ನೋಡಲು, ಒಳಗೆ ಬಾ ದೊಡ್ಡವ್ವ ಅಂದರೆ ಬರಲಿಲ್ಲ, ನೀನೊಬ್ಬ ಕರುದ್ರೆ ಆಯ್ತದೇನ್ಲಾ, ಮಿಕ್ಕೋರ್ ಮೊಕ ನೋಡು ಅಂದಳು, ನೋಡಿದ, ಮಿಕ್ಕವರು ಬೇರೆಲ್ಲೋ ನೋಡುತ್ತಿದ್ದರು. ಮ್ಯಾಜಿಕ್ ಲಾಂಟರ್ನಿನವನು ಚಿತ್ರದ ಗಾಜು ತೆಗೆದು ತಿರುಗಿಸಿ ಹಾಕಿದ, ವೀರ ಕಾಲ ಮೇಲೆ ನಿಂತ, ಉಪನ್ಯಾಸಕ್ಕೆ ಬಂದ ಪ್ರೊಫೆಸರು ಚಿತ್ರ ತೋರಿಸುವ ಕೋಲೆತ್ತಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಇಷ್ಟು ಯೋಚನೆಯೇ ಇರುತ್ತಿರಲಿಲ್ಲ, ಯೂನಿವರ್ಸಿಟಿಯ ವಿದ್ಯೆ ಊರವರ ಬಾಗಿಲಿಗೂ ಹೋಗಬೇಕು ಎಂದು ಮೊನ್ನೆ ಅರಕಲಗೂಡು, ನಿನ್ನೆ ಹೊಳೆನರಸೀಪುರ, ಇವತ್ತು ಹಾಸನ, ನಾಳೆ ಚನ್ನರಾಯಪಟ್ಟಣ, ಯುದ್ಧ ಬಂದು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಗಾಜಿನ ಚಿತ್ರಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ, ಯಾರು ಬರುತ್ತಾರೆ ಹಾಗೆ, ಅಲ್ಲದೆ ಸುಗ್ಗಿ ಮುಗಿದ ಮೇಲೆ ಕೇರಿಗೇ ಬಂದಿದ್ದರಲ್ಲ, ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ತಟ್ಟಿ ತಟ್ಟಿ ಕಲ್ಲಿನ ಅಕ್ಷರದ ಅಚ್ಚು ತೆಗೆದರು, ಬಿಸಿಲು, ಮೇಷ್ಟ್ರೇ ಸ್ವಲ್ಪ ನೀರು ಅಂದರು, ಮೇಷ್ಟ್ರೇ ಅಂದರು ತನ್ನನ್ನು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಅದೇ ರಾತ್ರಿ ಶಾಲೆಯಲ್ಲಿ ಅಕ್ಷರ ಹೇಳಿಕೊಡುವ ತನ್ನನ್ನು, ಲೋಟ ಕೊಟ್ಟ, ಅವರು ಲೋಟವನ್ನು ಮೇಲೆತ್ತಿ ಸುರಿದುಕೊಳ್ಳಲಿಲ್ಲ, ತುಟಿಗಿಟ್ಟು ಕುಡಿದರು, ಕೇರಿಗೆ ಕೇರಿಯೇ ನಿಂತು ಆ ಗಂಟಲು ಏರಿಳಿಯುವುದನ್ನು ನೋಡಿತು, ಆ ಗಳಿಗೆಯಲ್ಲಿ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದ, ಅವರು ಕೇಳಿದ್ದು ಕಲ್ಲು.

ಯೂನಿವರ್ಸಿಟಿಯ ಮ್ಯೂಸಿಯಮ್ಮಿನಲ್ಲಿ ಇಡುತ್ತೇವೆ, ಮಳೆಗಾಳಿ ತಾಗದ ಹಾಗೆ, ಕೆಳಗೆ ನಿಮ್ಮ ಊರಿನ ಹೆಸರು ಬರೆದು — ಹೂಂ ಅಂದುಬಿಟ್ಟ, ಯಾರನ್ನೂ ಕೇಳದೆ, ಅಂದು ಸಂಜೆ ಹೇಳಿದರೆ ಮುದ್ದಮ್ಮ ಎಲೆಯಡಿಕೆ ಉಗಿದು, ನೀರ್ ಕುಡುದ್ರು ಅಂತ ಕಲ್ಲು ಕೊಟ್ಬುಡದಾ, ಅಂಗಾರೆ ಉಂಡಿದ್ರೆ ಕೇರೀನೇ ಬರ್ಕೊಡ್ತಿದ್ದೇನ್ಲಾ ಅಂದಳು, ಎಲ್ಲರೂ ನಕ್ಕರು, ಬ್ಯಾಡ ಅಂತ ಅನ್ನಲಿಲ್ಲ, ಓದಿದವನು ನೀನು, ನೀನೇ ನೋಡು ಎಂದು ಎದ್ದು ಮನೆಗೆ ಹೋದರು, ಅದರ ಭಾರ ಯಾರಿಗೆ ಬೇಕು. ಈಗ ಕಲ್ಲೆತ್ತುವ ಗಾಡಿ ಗೊತ್ತುಮಾಡಿಯಾಗಿದೆ, ಬೆಳಿಗ್ಗೆ ಹೊರಡುತ್ತದೆ, ವಂದನಾರ್ಪಣೆಯಲ್ಲಿ ನೀವೇ ಹೇಳಿಬಿಡಿ ಸಣ್ಣಯ್ಯ, ಕೇರಿಯವರು ಸಂತೋಷವಾಗಿ ಕೊಡುತ್ತಿದ್ದಾರೆ ಅಂತ, ನಿಮ್ಮವರೂ ಒಬ್ಬರು ವೇದಿಕೆ ಮೇಲೆ ಇದ್ದಹಾಗಾಯಿತು, ಎರಡು ಮಾತು, ಎರಡೇ, ಜನಕ್ಕೆ ಹಸಿವು — ಇದು ಉಪನ್ಯಾಸ ಸಮಿತಿಯ ಅಧ್ಯಕ್ಷರು, ಕೊಬ್ಬರಿ ಮಂಡಿಯ ಷಡಕ್ಷರಪ್ಪನವರು, ಪಕ್ಕದಲ್ಲೇ ಕೂತು ಶಲ್ಯದಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಮತ್ತು ಕೋಲಿನ ತುದಿ ಈಗ ಕಲ್ಲಿನ ಕೆಳಪಟ್ಟಿಗೆ ಇಳಿದಿದೆ, ಅಲ್ಲಿ ಕಲ್ಲು ಒಳಕ್ಕೆ ತಗ್ಗಿದೆ, ಒಂದು ಅಂಗೈಯಷ್ಟು ಅಗಲ, ಪ್ರೊಫೆಸರು ಹೇಳುತ್ತಿದ್ದಾರೆ, ಮಹನೀಯರೇ, ವೀರನ ಹೆಸರಿದ್ದ ಸಾಲು ಇದೇ, ಎಷ್ಟೋ ತಲೆಮಾರು ಅಜ್ಞಾನದಿಂದ ಎಣ್ಣೆ ಉಜ್ಜಿ ಉಜ್ಜಿ ಅಳಿಸಿಬಿಟ್ಟಿದ್ದಾರೆ — ಮುಂದಿನ ಸಾಲಿನ ವಕೀಲರು ತ್ಚು ತ್ಚು ಅಂದರು. ಅಜ್ಞಾನ. ಇರಬಹುದು. ಅವರು ಹೇಳಿದರೆ ಇರಲೇಬೇಕು, ತಾನೇನು ಬಲ್ಲ, ಆದರೆ ಉಜ್ಜುವುದಲ್ಲ ಅದು, ಒತ್ತುವುದು, ಕೇರಿಗೆ ಬರುವ ಮದುವಣಗಿತ್ತಿ ಹೊಸಿಲು ತುಳಿಯುವ ಮೊದಲು ಬಲಗೈ ಹರಳೆಣ್ಣೆಯಲ್ಲಿ ಅದ್ದಿ ಆ ಪಟ್ಟಿಯ ಮೇಲೆ ಒತ್ತಿ, ನಾನ್ ಬಂದೆ ಕಣಪ್ಪ, ನನ್ನೂ ಕಾಯಪ್ಪ ಅನ್ನಬೇಕು, ಅವ್ವ ಒತ್ತಿದಳು, ಅವ್ವನ ಅತ್ತೆ ಒತ್ತಿದಳು, ತನ್ನ ಹೆಂಡತಿ ಮಾಯಮ್ಮ ಒತ್ತುವಾಗ ನಾಚಿಕೊಂಡು ಕೈ ಬೇಗ ತೆಗೆದಳು, ಗಟ್ಟಿಯಾಗ್ ಒತ್ತವ್ವ, ಅವನಿಗ್ ಕಿವಿ ಮಂದ ಅಂದಿದ್ದಳು ಮುದ್ದಮ್ಮ, ಆಮೇಲೆ ಮಾಯಮ್ಮ ಒತ್ತಿದಳು, ಮೊಳಕೈ ನಡುಗುವಷ್ಟು, ತಗ್ಗು ಆ ಕೈಗೆ ಅಳತೆ ತೆಗೆದ ಹಾಗಿತ್ತು. ಸ್ಲೇಟು ಮುಟ್ಟಲು ಬಿಡದಿದ್ದ ಕಾಲದಲ್ಲೂ ಆ ಕೈಗಳು ಅಕ್ಷರದ ಮೇಲಿದ್ದವಲ್ಲ, ಅದನ್ನು ಯಾಕೆ ಯಾರೂ ಕೋಲು ತೋರಿಸಿ ಹೇಳುವುದಿಲ್ಲ. ಆದರೆ ಪ್ರೊಫೆಸರ ಮಾತೂ ನಿಜ, ಇನ್ನಷ್ಟು ಮದುವೆಯಾದರೆ ವೀರನ ಕಾಲೂ ಸವೆಯುತ್ತದೆ, ಆಮೇಲೆ ಹಸುಗಳು, ಏನೂ ಉಳಿಯುವುದಿಲ್ಲ, ಆಗ ಮೊಮ್ಮಕ್ಕಳು ಕೇಳಿದರೆ ಏನು ಹೇಳುವುದು, ಕಾಪಾಡಬಹುದಾಗಿತ್ತು, ನಿಮ್ಮಜ್ಜ ಬ್ಯಾಡ ಅಂದ ಅಂತಲೇ — ಮ್ಯೂಸಿಯಮ್ಮಿನಲ್ಲಿ ಇದ್ದರೆ ಇರುತ್ತದೆ, ಆದರೆ ಅಲ್ಲಿ ಬೋರ್ಡು ಹಾಕಿರುತ್ತಾರೆ, ಮುಟ್ಟಬಾರದು ಅಂತ. ಮುಟ್ಟಬಾರದು. ಆ ಮಾತನ್ನು ಕೇರಿಯವರು ಹೊಸದಾಗಿ ಓದಿ ತಿಳಿಯಬೇಕೆ.

ಎದ್ದೇಳಿ ಸಣ್ಣಯ್ಯ, ಎಂದು ಷಡಕ್ಷರಪ್ಪನವರ ಮೊಣಕೈ ತಿವಿಯಿತು, ಪೆಟ್ರೋಮ್ಯಾಕ್ಸ್ ಮತ್ತೆ ಹತ್ತಿಸಿದ್ದಾರೆ, ಪಂಚೆ ಬರೀ ಪಂಚೆಯಾಗಿದೆ, ಇಷ್ಟು ಮುಖಗಳು, ಕ್ಷಮಿಸಬೇಕು ಅಂದ, ಅದಂತೂ ಬಂತು, ಪ್ರೊಫೆಸರಿಗೆ ವಂದನೆ, ಅಧ್ಯಕ್ಷರಿಗೆ ವಂದನೆ, ಲಾಂಟರ್ನಿನವರಿಗೆ ವಂದನೆ, ಹಾಲ್ ಕೊಟ್ಟವರಿಗೆ, ಜಗಲಿಯ ಮೇಲೆ ಕೂತು ಕೇಳಿದವರಿಗೆ — ಇಲ್ಲಿ ಒಂದಿಷ್ಟು ತಲೆಗಳು ಬಾಗಿಲ ಕಡೆ ತಿರುಗಿದವು, ಈ ಸಂಜೆ ಮೊದಲ ಸಲ — ಇನ್ನೊಂದು ಮಾತು, ತನ್ನ ದನಿ ತನಗೇ ಬೇರೆಯವರ ದನಿಯಂತೆ ಕೇಳುತ್ತಿದೆ, ಕಲ್ಲು ಕೊಡುತ್ತೇನೆ ಅಂದಿದ್ದೆ, ಕೇಳದೆ ಅಂದೆ, ಕೊಡುವುದಿಲ್ಲ, ಗಾಡಿ ಕಳಿಸಬೇಡಿ, ಅಚ್ಚು ನಿಮ್ಮ ಹತ್ತಿರ ಇರಲಿ, ಕಲ್ಲು ನಮ್ಮ ಹತ್ತಿರ ಸವೆಯಲಿ. ಷಡಕ್ಷರಪ್ಪನವರು ಕೋಟಿನ ಅಂಚು ಹಿಡಿದು ಎಳೆಯುತ್ತಿದ್ದಾರೆ, ಏನ್ ಮಾತ್ರೀ ಇದು, ಕೂತ್ಕೊಳ್ರಿ, ಕೂರಲಿಲ್ಲ, ನಿಂತೇ ಇರುತ್ತೇನೆ, ಎಳೆದರೆ ಕೋಟು ಹರಿಯುತ್ತದೆ ಅಷ್ಟೆ, ಜಗಲಿಯಿಂದ, ಅಂಗ್ ಯೋಳು ಮಗ, ಎಂದದ್ದು ಕೇಳಿಸಿತು. ಪ್ರೊಫೆಸರು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು, ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಕೇಳಿದರು, ಆಗಲಿ ಮೇಷ್ಟ್ರೇ, ಕಲ್ಲು ನಿಮ್ಮದೇ, ಅದರೊಳಗೆ ನಿಂತಿರುವವನ ಹೆಸರು ನಿಮಗಾದರೂ ಗೊತ್ತೇ. ಹೆಸರು. ಅಪ್ಪ ಅನ್ನುತ್ತಾರೆ, ಎಲ್ಲರೂ ಅಪ್ಪ ಅಂತಲೇ, ಅವ್ವನೂ, ಅವಳ ಅತ್ತೆಯೂ, ಹಾಡಿನಲ್ಲಿ ಇದ್ದೀತೆ, ಯಾವ ಹಾಡು, ಮುದ್ದಮ್ಮ ಬಲ್ಲಳೆ, ಜಗಲಿಯ ಕಡೆ ನೋಡಿದ, ಮುದ್ದಮ್ಮ ಇಲ್ಲವೆಂದು ಕೈಯಾಡಿಸಿದಳು, ಗೊತ್ತಿಲ್ಲ ಸಾ ಅಂದ, ನಮಗ್ಯಾರಿಗೂ ಗೊತ್ತಿಲ್ಲ, ಯಾರೋ ಬಲ್ಲವಳು ಯಾವಾಗಲೋ ಒಬ್ಬಳು ಇದ್ದಿರಬೇಕು, ಮೊದಲು ಕೈ ಒತ್ತಿದವಳು, ತಗ್ಗಿಲ್ಲದ ನುಣುಪು ಕಲ್ಲು, ಆಗತಾನೇ ಕೊರೆದ ಅಕ್ಷರ, ಎಣ್ಣೆ ತೊಟ್ಟಿಕ್ಕುವ ಆ ಅಂಗೈ, ಮೊದಲನೆಯ ಅಂಗೈ, ಅದರಡಿ ಹೆಸರು, ಅಂಗೈ ಎತ್ತಿದರೆ ಇನ್ನೂ ಅಲ್ಲೇ ಇರುವ ಹೆಸರು.